ಕುಡಿಯದವಳು ಆರಿಸಿದ ವೈನ್

ಕೇಳಿ ಮಾರಾಯ್ರೆ, ಇವತ್ತು ನಾನು ಗೆದ್ದೆ!

ನಾನು ಕುಡಿಯುವವಳಲ್ಲ. ಆದರೆ ದೋಹಾದಲ್ಲಿ ವೈನ್ ಕೊಳ್ಳಲು ಪರ್ಮಿಟ್ ಬೇಕು, ನಮ್ಮ ಗುಂಪಿನಲ್ಲಿ ಅದು ಇರುವುದು ನನ್ನೊಬ್ಬಳ ಹತ್ತಿರ. ರುಚಿ ನೋಡಿ ದ್ರಾಕ್ಷಿಯ ತಳಿ ಹೇಳುವ ಆಟಕ್ಕೆಂದು ಮೂರು ಅಗ್ಗದ ಬಾಟಲಿ ತಂದೆ, ಒಂದು ಬಿಳಿ, ಎರಡು ಕೆಂಪು. ಬಾಟಲಿಯ ಹಿಂಬದಿಯ ಲೇಬಲ್‌ನಲ್ಲಿ ತಳಿ, ವಾಸನೆಯ ವಿವರ ಎಲ್ಲ ಓದಿ, ಒಂದೊಂದರಲ್ಲೂ ಒಂದೇ ತಳಿ ಇರುವುದನ್ನೇ ಆರಿಸಿದ್ದೆ.

ಗಂಡನ ಗೆಳೆಯ ರೈಗಳು ಬೆಲೆ ಕೇಳಿ ಮೂಗು ಮುರಿದರು. "ಎಂತ ಅಕ್ಕ, ಇಷ್ಟು ಚೀಪಾ? ಕುಡಿಯದವರನ್ನು ಕಳಿಸಿದರೆ ಹೀಗೇ."

"ಹಾಗಾದರೆ ನೀವು ಗುರುತಿಸಿ, ನೋಡುವ," ಎಂದೆ.

ಮೂರು ತಳಿಗಳ ಹೆಸರು ಮೊದಲೇ ಹೇಳಿದೆ, ಯಾವ ಗ್ಲಾಸಿನಲ್ಲಿ ಯಾವುದು ಎಂದಷ್ಟೇ ಗುರುತಿಸಬೇಕು. ಗಂಡ ಒಳಗೆ ಹೋಗಿ ಗ್ಲಾಸಿಗೆ ಸುರಿದು ತಂದರು. ರೈಗಳು ಕುಡಿದರು, ನಾನು ಬರೀ ಮೂಸಿ ನೋಡಿದೆ. ಬಿಳಿಯದನ್ನು ಅವರು ಬಣ್ಣ ನೋಡಿಯೇ ಹೇಳಿದರು. ಕೆಂಪು ಎರಡನ್ನೂ ಅದಲುಬದಲು ಮಾಡಿದರು! ನನಗೋ, ಒಂದರಲ್ಲಿ ಆಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನ ವಾಸನೆ, ಅದು ಕ್ಯಾಬರ್ನೆ. ಇನ್ನೊಂದು ಥೇಟ್ ಅಮ್ಮನ ಕಾಳುಮೆಣಸಿನ ಸಾರು, ಅದು ಶಿರಾಜ್. ಗಂಡ ಬಾಟಲಿ ತಂದು ತೋರಿಸಿದರು. ಎರಡೂ ಸರಿ!

"ಮುಂದಿನ ಸಲವೂ ನೀವೇ ಆರಿಸಿ ಅಕ್ಕ," ಎಂದರು ರೈಗಳು ಮೆಲ್ಲಗೆ.

ಆರಿಸುವ. ಪರ್ಮಿಟ್ ನನ್ನದು, ಮೂಗೂ ನನ್ನದೇ. ಸದ್ಯಕ್ಕೆ ಸೋತ ರೈಗಳು ಅಡುಗೆಮನೆಯಲ್ಲಿ ಗ್ಲಾಸ್ ತೊಳೆಯುತ್ತಿದ್ದಾರೆ.