ಮೊದಲ ತಟ್ಟೆ

ಕಾಕು ಅವರ ಬಲಗೆನ್ನೆಯ ಮೇಲೆ, ಕಿವಿಗೆ ಹತ್ತಿರ, ಸಣ್ಣ ಸಣ್ಣ ಕಂದು ಚುಕ್ಕೆಗಳಿದ್ದವು. ಮೊದಲ ದಿನ ನೋಡಿ ಸಿಡುಬಿನ ಕಲೆ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವೆಲ್ಲ ಸಾಸಿವೆ ಸಿಡಿದ ಗುರುತುಗಳು. ಕಾದ ಎಣ್ಣೆಗೆ ಸಾಸಿವೆ ಬಿದ್ದರೆ ಯಾರಾದರೂ ಮುಖ ಹಿಂದಕ್ಕೆಳೆದುಕೊಳ್ಳುತ್ತಾರೆ. ಕಾಕು ಮಾತ್ರ ತಲೆ ವಾಲಿಸಿ, ಕಣ್ಣು ಮುಚ್ಚಿ, ಬಾಣಲೆಗೆ ಬಲಗಿವಿ ಕೊಟ್ಟು ನಿಲ್ಲುತ್ತಿದ್ದರು, ಒಳಗಿನಿಂದ ಯಾರೋ ಗುಟ್ಟು ಹೇಳುತ್ತಿರುವ ಹಾಗೆ. ಚಟಪಟ ನಿಂತ ಮರುಗಳಿಗೆಗೇ ಈರುಳ್ಳಿ ಬಾಣಲೆಗೆ ಬೀಳುತ್ತಿತ್ತು. ಒಂದು ದಿನವೂ ಆ ಮನೆಯಲ್ಲಿ ಒಗ್ಗರಣೆ ಸೀದದ್ದನ್ನು ನಾನು ಕಂಡಿಲ್ಲ.

ಹೇಳುತ್ತಿರುವ ನಾನು ಸುಮ್ಮನೆ ಹೊಗಳುವವರ ಪೈಕಿ ಅಲ್ಲ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ದೊಡ್ಡ ಹೋಟೆಲುಗಳಲ್ಲಿ ನಲವತ್ತು ಬಗೆಯ ತಿಂಡಿ ಸಾಲಾಗಿ ಇಟ್ಟಿದ್ದನ್ನೂ ನೋಡಿ, ಮೂಗು ಮುರಿದು ಬಂದಿದ್ದೇನೆ. ಅಂಥವಳಿಗೆ ಕಾಕು ಕೈಯ ತಿಂಡಿಯಲ್ಲಿ ಒಂದೇ ಒಂದು ಸಲ ತಪ್ಪು ಸಿಕ್ಕಿತ್ತು. ಅದರ ಕಥೆಯೂ ಬರುತ್ತದೆ.

ಹೈದರಾಬಾದಿನ ಪಶ್ಚಿಮದ ಬಂಡೆಗಳ ನಡುವೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಾನು ನಂಜನಗೂಡಿನವಳು. ಟೆಸ್ಟಿಂಗ್ ಕೋರ್ಸಿಗೆ ಬೆಂಗಳೂರು ಬಿಟ್ಟು ಹೈದರಾಬಾದಿಗೆ ಯಾಕೆ ಬಂದೆ ಎಂದು ಎಲ್ಲರೂ ಕೇಳುತ್ತಿದ್ದರು. ಅದು ನಮ್ಮಪ್ಪನ ತರ್ಕ. "ಬೆಂಗಳೂರಲ್ಲಿ ಬೀದಿಗೊಬ್ಬ ನೆಂಟ ಇದ್ದಾನೆ. ನಿಂಗೆ ಕೆಲಸ ಸಿಕ್ಕಲಿಲ್ಲ ಅಂದ್ರೆ ಅಷ್ಟು ಜನಕ್ಕೂ ಗೊತ್ತಾಗುತ್ತೆ" ಎಂದಿದ್ದರು. ಹೈದರಾಬಾದಿನಲ್ಲಿ ಸೋತರೆ ಸದ್ದಿಲ್ಲದೆ ವಾಪಸ್ ಬರಬಹುದು. ಯುಗಾದಿವರೆಗೆ ಗಡುವು. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಮನೆಗೆ ಮರಳಿ, ಅವರು ನೋಡಿಟ್ಟಿದ್ದ ಗಂಡಿಗೆ ಕೊರಳೊಡ್ಡಬೇಕು. ಇದು ಮಾತಿನ ಕರಾರು.

ನಾರಾಯಣಗೂಡದಲ್ಲಿ ಕೋಚಿಂಗ್ ಸೆಂಟರುಗಳ ಹಿಂದಿನ ಗಲ್ಲಿಯಲ್ಲಿ ಕಾಕು ಅವರ ಮನೆ. ಕೆಳಗೆ ಅವರು, ಮೇಲೆ ಮೂರು ಕೋಣೆಗಳಲ್ಲಿ ನಾವು ಏಳು ಹುಡುಗಿಯರು. ನಮ್ಮ ಕಡೆ ಚಿಕ್ಕಮ್ಮ ಅನ್ನುವುದನ್ನು ಅವರ ಕಡೆ ಕಾಕು ಅನ್ನುತ್ತಾರೆ. ಅವರು ವಿಜಾಪುರದ ಕಡೆಯವರು. ಗಂಡ ಬೇಗಂ ಬಜಾರಿನ ಕಿರಾಣಿ ಅಂಗಡಿಯೊಂದರಲ್ಲಿ ಬಹಳ ವರ್ಷ ದುಡಿದು ತೀರಿಕೊಂಡಿದ್ದರು. ಹೊರಗೆ ತರಕಾರಿಯವನ ಹತ್ತಿರ ತೆಲುಗು, ಅಂಗಡಿಯವರ ಹತ್ತಿರ ದಖನಿ ಉರ್ದು, ನಮ್ಮನ್ನು ಬೈಯುವಾಗ ಅಪ್ಪಟ ವಿಜಾಪುರದ ಕನ್ನಡ.

ಬೆಳಗಿನ ತಿಂಡಿಗೆ ಅವರದೊಂದು ಶಾಸನ ಇತ್ತು. ಯಾವ ತಿಂಡಿಗೂ ನಾಲ್ಕಕ್ಕಿಂತ ಹೆಚ್ಚು ಸಾಮಾನು ಹಾಕುವಂತಿಲ್ಲ. "ನಾಕು ಇದ್ರ ಸಂಸಾರ, ಐದಾದ್ರ ಪಂಚಾಯ್ತಿ" ಎನ್ನುವರು. "ಉಪ್ಪು, ಎಣ್ಣೆ, ಸಾಸಿವೆ ಸೇರಿಸಿದ್ರೆ ಏಳಾಯ್ತಲ್ಲ ಕಾಕು?" ಎಂದು ನಾವು ಕೆಣಕಿದರೆ, "ಅವನ್ಯಾಕ ಎಣಸ್ತೀರಿ? ಅವು ಮನೀ ಮಂದಿ" ಎಂದು ಬಾಯಿ ಮುಚ್ಚಿಸುವರು. ಚುರುಮುರಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಟಾಣಿ ಅಂದರೆ ಹುರಿಗಡಲೆ ಹಿಟ್ಟು: ಸುಸಲಾ ಆಯಿತು. ತೆಳು ಅವಲಕ್ಕಿ, ಶೇಂಗಾ, ಖಾರದ ಪುಡಿ, ಚಿಟಿಕೆ ಸಕ್ಕರೆ: ಹಚ್ಚಿದ ಅವಲಕ್ಕಿ ಆಯಿತು. ಬೇಸಿಗೆಯಲ್ಲಿ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಲೋಟದಲ್ಲಿ ಕುಡಿಸುವರು. ಸಂಜೆಗೆ ಶೇಂಗಾ ಮತ್ತು ಬೆಲ್ಲ, ಎರಡೇ ಎರಡು, ಕುಟ್ಟಿ ಕಟ್ಟಿದ ಉಂಡೆ. ಆ ಉಂಡೆಯ ಮುಂದೆ ಯಾವ ಸಿಹಿಯಂಗಡಿಯೂ ನಿಲ್ಲಲಾರದು ಎಂದು ಇವತ್ತಿಗೂ ಪಂಥ ಕಟ್ಟುತ್ತೇನೆ.

ಸಾಮಾನು ತರಲು ಬೇಗಂ ಬಜಾರಿಗೆ ಹೋಗುವಾಗ ನನ್ನನ್ನು ಚೀಲ ಹಿಡಿಯಲು ಕರೆಯುವರು. ಶೇಂಗಾ ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುವರು. "ಚಖ್ ಕೇ ದೇಖೋ ಅಮ್ಮಾ" ಎಂದು ಅಂಗಡಿಯವನು ರುಚಿ ನೋಡಲು ಎರಡು ಕಾಳು ಕೈಗೆ ಕೊಟ್ಟರೆ, "ನಕ್ಕೋ, ಸುನೇ ತೋ ಬಸ್" ಎಂದು ಹಿಂದಕ್ಕೆ ಸುರಿಯುವರು. ಕೇಳಿದರೆ ಸಾಕಂತೆ, ತಿನ್ನಬೇಕಿಲ್ಲವಂತೆ. ಇದೆಂಥ ಒಣ ಜಂಭ ಎಂದು ನನಗೆ ಆಗ ಅನಿಸಿತ್ತು.

ನಾನು ಬಂದ ಮೊದಲ ತಿಂಗಳ ಗತಿ ಹೇಳಬೇಕು. ಚುರುಮುರಿಗೆ ನಮ್ಮೂರಲ್ಲಿ ಪುರಿ ಅನ್ನುತ್ತೇವೆ, ಅದು ಖಾರ ಹಾಕಿ ಸಂಜೆ ಗರಿಗರಿಯಾಗಿ ತಿನ್ನುವ ಪದಾರ್ಥ. ಅದನ್ನು ನೀರಲ್ಲಿ ನೆನೆಸಿ, ಹಿಂಡಿ, ಬೆಳಗ್ಗೆ ತಿಂಡಿ ಎಂದು ಬಡಿಸಿದರೆ ಏನು ಮಾಡುವುದು? ಆದರೆ ಸುಸಲದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಏನು ಕೊಟ್ಟರೂ ನನಗೆ ಇಳಿಯುತ್ತಿರಲಿಲ್ಲ. ಇಂಟರ್‌ವ್ಯೂ ಎಂದರೆ ಹೊಟ್ಟೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಮೂರು ಕಡೆ ಫೇಲಾದೆ. ನಾಲ್ಕನೆಯದರಲ್ಲಿ ಪ್ರಶ್ನೆ ಕೇಳುವ ಮೊದಲೇ ತಲೆ ತಿರುಗಿ ಬಿದ್ದೆ. ಆ ಕಂಪನಿಯವರೇ ಆಟೋ ಮಾಡಿಸಿ ಕಳಿಸಿದರು. ತಿಂಡಿಯನ್ನು ಕಾಗದದಲ್ಲಿ ಸುತ್ತಿ ಗಲ್ಲಿಯ ನಾಯಿಗೆ ಹಾಕುತ್ತಿದ್ದೆ. ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು, ಆದರೆ ಅಪ್ಪ ಒಮ್ಮೆ ಬಂದು ನನ್ನ ಮುಖ ನೋಡಿದ್ದರೆ ಅವತ್ತೇ ರೈಲು ಹತ್ತಿಸುತ್ತಿದ್ದರು. ಆ ಓಣಿಯಲ್ಲಿ ನನಗಿಂತ ನಾಯಿ ದಷ್ಟಪುಷ್ಟವಾಗಿತ್ತು.

ಹಾಗಿರುವಾಗ ಒಂದು ಬೆಳಗ್ಗೆ ನಿದ್ದೆ ಬಾರದೆ ಬೇಗ ಕೆಳಗಿಳಿದೆ. ಅಡುಗೆಮನೆಯ ಬಾಗಿಲಲ್ಲೇ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಕಾಕು ಕೈಯಲ್ಲಿ ಬೆಂಕಿಕಡ್ಡಿ ಹಿಡಿದು, ಗೀರಲು ಪೊಟ್ಟಣ ತಿರುಗಿಸುತ್ತಿದ್ದಾರೆ! ನಾನು ಕಿರುಚಿ ಪೊಟ್ಟಣ ಕಿತ್ತುಕೊಂಡೆ. ಒಲೆಯ ತಿರುಪು ಅರ್ಧ ತೆರೆದೇ ಇತ್ತು. ಅದನ್ನು ಮುಚ್ಚಿ, ಕಿಟಕಿಗಳನ್ನು ತೆಗೆದು ತಿರುಗಿದರೆ ಕಾಕು ಹೊಸ್ತಿಲ ಮೇಲೆ ಕೂತಿದ್ದರು.

"ಇಷ್ಟು ವಾಸನೆ ಬರ್ತಿದೆ, ನಿಮಗೆ ಗೊತ್ತಾಗ್ಲಿಲ್ವಾ ಕಾಕು?" ಎಂದೆ.

"ನನಗ ವಾಸನಿ ಬರೂದಿಲ್ಲವ್ವಾ. ರುಚೀನೂ ಇಲ್ಲ. ಹಿಂದೊಮ್ಮೆ ಜ್ವರ ಬಂದಿತ್ತು, ಅದರ ಕೂಡ ಎರಡೂ ಹೋದ್ವು."

ಬಾಣಲೆಗೆ ಕಿವಿ ಕೊಡುವುದು, ಶೇಂಗಾ ಅಲ್ಲಾಡಿಸುವುದು, ನಾಲ್ಕೇ ಸಾಮಾನಿನ ಶಾಸನ, ಎಲ್ಲದಕ್ಕೂ ಒಟ್ಟಿಗೆ ಅರ್ಥ ಸಿಕ್ಕಿತು. ನಾಲಿಗೆ ಕೈಕೊಟ್ಟವರು ಎಷ್ಟು ಸಾಮಾನನ್ನು ತಾನೇ ಹದ್ದುಬಸ್ತಿನಲ್ಲಿ ಇಟ್ಟಾರು!

"ಯಾರ ಮುಂದೂ ಹೇಳಬ್ಯಾಡ" ಎಂದರು ಕಾಕು. "ಬಾಜೂ ಗಲ್ಲ್ಯಾಗ ನಮ್ಮ ತಮ್ಮ ಅದಾನಲ್ಲಾ, ಅವಗ ತಿಳೀತಂದ್ರ ಅಡಗೀ ಮನೀಗೆ ಕೀಲಿ ಹಾಕತಾನ. ಅಡಗಿ ಬಿಟ್ಟು ನಾ ಏನು ಮಾಡ್ಲಿ? ಇನ್ನ ಮ್ಯಾಲೆ ನೀನೇ ನನ್ನ ನಾಲಿಗಿ. ದಿನಾ ಮುಂಜಾನೆ ಮೊದಲನೇ ತಾಟು ನಿಂದು. ನೀ ಉಂಡು ಹೂಂ ಅಂದ ಮ್ಯಾಲೇ ಉಳಿದವರಿಗೆ."

ಮರುದಿನದಿಂದ ನನ್ನ ಹೊಸ ಹುದ್ದೆ ಶುರುವಾಯಿತು. ಬೆಳಗ್ಗೆ ಏಳಕ್ಕೆ ಮುಂಚೆ ಕೆಳಗೆ ಹೋಗಿ, ಗ್ಯಾಸಿನ ವಾಸನೆ ನೋಡಿ, ಮಣೆಯ ಮೇಲೆ ಕೂರಬೇಕು. ಕಾಕು ತಟ್ಟೆ ಮುಂದಿಟ್ಟು, ನನ್ನ ಎದುರಿಗೇ ಕೂತು ಕೇಳುವರು: "ಉಪ್ಪು ಸರಿ ಐತೇನು ನೋಡವ್ವಾ. ನನಗ ಗೊತ್ತಾಗವಲ್ದು."

ಮೊದಲ ಎರಡು ದಿನ ನಾನು ಕಾಳಿನಷ್ಟು ಬಾಯಿಗೆ ಹಾಕಿಕೊಂಡು "ಚೆನ್ನಾಗಿದೆ ಕಾಕು" ಎಂದು ಎದ್ದು ಬಿಟ್ಟೆ. ಮೂರನೆಯ ದಿನ ಅವಲಕ್ಕಿ. ಅವತ್ತೂ ಅದೇ ಮಾತು ಹೇಳಿ ಎದ್ದೆ. ಹತ್ತು ನಿಮಿಷಕ್ಕೆ ಉಳಿದ ಆರು ಜನ ಕೆಳಗೆ ಬಂದು ತುತ್ತಿಟ್ಟವರೇ ಒಬ್ಬರ ಮುಖ ಒಬ್ಬರು ನೋಡಿದರು. ಅವಲಕ್ಕಿಗೆ ಉಪ್ಪೇ ಬಿದ್ದಿರಲಿಲ್ಲ. ಹೇಳಿದ್ದೆನಲ್ಲ, ನನಗೆ ಗೊತ್ತಿರುವ ಒಂದೇ ತಪ್ಪು ಅದು.

ಕಾಕು ಎಲ್ಲರ ಮುಂದೆ ಏನೂ ಅನ್ನಲಿಲ್ಲ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, "ನಾಲಿಗಿ ಸುಳ್ಳು ಹೇಳಿದ್ರ ನಾ ಯಾರನ್ನ ನಂಬಲಿ? ಒಂದು ತುತ್ತಿನಾಗ ಉಪ್ಪು ತಿಳೀತೈತಿ, ಎರಡರಾಗ ಖಾರ, ಮೂರರಾಗ ಹದಾ. ಮೂರು ತುತ್ತು ಉಣ್ಣದೇ ಬಾಯಿ ತಗೀಬ್ಯಾಡ" ಎಂದರು. ನಾನು ನಾಚಿ ನೀರಾದೆ.

ಮಾರನೆಯ ದಿನದಿಂದ ಮೂರು ತುತ್ತು. ಕರ್ತವ್ಯ ಎಂದು ತಿಂದೆ. ವಾರ ಕಳೆಯುವಷ್ಟರಲ್ಲಿ ಮೂರು ತುತ್ತಿನ ನಂತರ ತಟ್ಟೆ ಬಿಟ್ಟೇಳುವುದು ಸರಿಯಲ್ಲ ಅನ್ನಿಸಿತು. ನನ್ನ ನಾಲಿಗೆಗೂ ಗರ್ವ ಬಂತು. "ಇವತ್ತು ಪುಟಾಣಿ ಹಿಟ್ಟು ಒಂದು ಚಿಟಿಕೆ ಮುಂದಾಗಿದೆ" ಎನ್ನುತ್ತಿದ್ದೆ. "ಮೆಣಸಿನಕಾಯಿ ನಿನ್ನೆಯದಕ್ಕಿಂತ ಚುರುಕು" ಎನ್ನುತ್ತಿದ್ದೆ. ಕಾಕು ಕೋರ್ಟಿನ ಗುಮಾಸ್ತನಂತೆ ಗಂಭೀರವಾಗಿ ತಲೆಯಾಡಿಸುವರು. ಓಣಿಯ ನಾಯಿ ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿತು.

ಯುಗಾದಿಗೆ ಹನ್ನೊಂದು ದಿನ ಇರುವಾಗ ಐದನೆಯ ಇಂಟರ್‌ವ್ಯೂ. ಬೆಳಗ್ಗೆ ಒಂದು ತಟ್ಟೆ ಸುಸಲಾ ತಿಂದು ಹೋಗಿದ್ದೆ. ಮೂವರು ಕೂತಿದ್ದರು. ನಡುವಿನವರು ಕೇಳಿದರು: ಪ್ರೋಗ್ರಾಂ ಬರೆದವನು ಅದನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಾನೆ, ಮತ್ತೆ ನಿನ್ನಂಥವರು ನಮಗೆ ಯಾಕೆ ಬೇಕು? ಪುಸ್ತಕದ ಉತ್ತರ ಬಾಯಿಪಾಠ ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ಸರ್, ನಮ್ಮ ಮನೆಯೊಡತಿ ಬಹಳ ದೊಡ್ಡ ಅಡುಗೆಯವರು, ಆದರೂ ಮೊದಲ ತಟ್ಟೆ ನನಗೆ ಕೊಡುತ್ತಾರೆ. ಮಾಡಿದವರ ನಾಲಿಗೆಗೆ ತಮ್ಮ ಉಪ್ಪು ತಿಳಿಯುವುದಿಲ್ಲ. ನಾನು ಚೆನ್ನಾಗಿದೆ ಎಂದು ಸುಳ್ಳು ಹೇಳಿದರೆ ಆರು ಜನ ಸಪ್ಪೆ ತಿನ್ನಬೇಕಾಗುತ್ತದೆ. ಒಮ್ಮೆ ಹೇಳಿದ್ದೇನೆ, ಇನ್ನೊಮ್ಮೆ ಹೇಳುವುದಿಲ್ಲ" ಎಂದು ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ. ಮೂವರೂ ನಕ್ಕರು. ಬದಿಯಲ್ಲಿದ್ದ ಹೆಂಗಸು ಸುಸಲಾ ಮಾಡುವುದು ಹೇಗೆ ಎಂದು ಕೇಳಿ ಬರೆದುಕೊಂಡರು. ಕೆಲಸ ಸಿಕ್ಕಿತು.

ಅಪ್ಪನಿಗೆ ಫೋನ್ ಮಾಡಿದಾಗ, "ಬೆಂಗಳೂರಿನ ನೆಂಟರಿಗೆಲ್ಲ ನಾನೇ ಹೇಳ್ತೀನಿ" ಎಂದರು.

ಕೆಲಸ ಸಿಕ್ಕಿದ ಮೇಲೂ ಮೂರು ವರ್ಷ ಅಲ್ಲೇ ಇದ್ದೆ. ನಗರದ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೋಗಿ ಬರುವುದು ತಲೆನೋವಾಗಿತ್ತು, ಆದರೆ ಕಾಕು ಅವರ ನಾಲಿಗೆಯನ್ನು ಯಾರಿಗೆ ಒಪ್ಪಿಸಿ ಹೋಗಲಿ? ಕೊನೆಗೆ ಆಫೀಸಿಗೆ ಹತ್ತಿರದ ಮಣಿಕೊಂಡದಲ್ಲಿ ಮನೆ ಮಾಡಲೇಬೇಕಾಯಿತು. ಹೊರಡುವ ದಿನ ಕಾಕು ಡಬ್ಬಿ ತುಂಬ ಶೇಂಗಾ ಉಂಡೆ ಕಟ್ಟಿಕೊಟ್ಟರು. "ಇನ್ನು ನಿಮಗೆ ಯಾರು ಕಾಕು?" ಎಂದು ನಾನು ಕಣ್ಣೀರಿಟ್ಟರೆ ಅವರು ನಕ್ಕು, "ನಾಲಿಗಿ ಬರತಾವ, ಹೋಗತಾವ. ನೀ ನಡೀ" ಎಂದುಬಿಟ್ಟರು. ಆಟೋದಲ್ಲಿ ಕೂತು ಇಡೀ ದಾರಿ ಕೋಪ ಮಾಡಿಕೊಂಡೆ.

ಹಬ್ಬಕ್ಕೆ ಹುಣ್ಣಿಮೆಗೆ ಹೋಗಿ ಬರುತ್ತಿದ್ದೆ. ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಹಿಂದಿನ ದಿನ ಉಪ್ಪಿಟ್ಟು ಮಾಡಿ ಬಡಿಸಿದ ಕೈ. ಉತ್ತರಕ್ರಿಯೆಗೆ ಎಲ್ಲೆಲ್ಲಿಂದಲೋ ಹದಿನೈದು ಹೆಂಗಸರು ಬಂದರು, ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಆ ಮೇಲಿನ ಕೋಣೆಗಳಲ್ಲಿ ಇದ್ದವರು. ಕಾರ್ಯ ಮುಗಿದ ಮರುದಿನ ಬೆಳಗ್ಗೆ ಉಳಿದಿದ್ದ ನಾವು ನಾಲ್ಕೈದು ಜನ ಕಾಕು ಅಡುಗೆಮನೆಯಲ್ಲಿ ಸುಸಲಾ ಮಾಡಲು ನಿಂತೆವು. ನಾನು ಚುರುಮುರಿ ಹಿಂಡುತ್ತಿದ್ದೆ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವರು ನನಗಿಂತ ಮೊದಲು ಅಲ್ಲಿದ್ದ ಧಾರವಾಡದ ಅಕ್ಕ. ಇಷ್ಟು ವರ್ಷ ಬಿಗಿಹಿಡಿದಿದ್ದ ಗುಟ್ಟನ್ನು ಇನ್ನಾದರೂ ಹೇಳಬಹುದು ಅನ್ನಿಸಿತು. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: "ಕಾಕೂಗೆ ರುಚಿ, ವಾಸನೆ ಎರಡೂ ಇರಲಿಲ್ಲ ಅಕ್ಕ. ಅವರಿಗೆ ನಾನೇ ನಾಲಿಗೆ ಆಗಿದ್ದೆ."

ಅಕ್ಕ ಈಳಿಗೆ ಮಣೆಯಿಂದ ತಲೆಯೆತ್ತಿ, "ನೀನೂ?" ಎಂದರು.

ಒಲೆಯ ಹತ್ತಿರ ಇದ್ದವಳು, ನನ್ನ ನಂತರ ಬಂದ ರಾಯಚೂರಿನ ಹುಡುಗಿ, ಗಕ್ಕನೆ ತಿರುಗಿದಳು. "ಅಯ್ಯ, ನನಗೂ ಯಾರ ಮುಂದೂ ಹೇಳಬ್ಯಾಡ ಅಂದಿದ್ರು!" ಅವಳಿಗೆ ಹಾಲು ಸೀದ ದಿನ ಈ ಪಟ್ಟ ಸಿಕ್ಕಿತ್ತಂತೆ. ಧಾರವಾಡದ ಅಕ್ಕನಿಗೆ ಕೊಬ್ಬರಿ ಕೆಟ್ಟ ದಿನ. ಬಾಗಿಲಲ್ಲಿ ನಿಂತಿದ್ದ ಕಾಕು ಅವರ ತಮ್ಮ, "ಅಕ್ಕಗ ರುಚಿ ಹೋಗಿ ಎಷ್ಟು ವರ್ಷ ಆತು! ನೀವ್ಯಾರೂ ಬರೂಕಿಂತ ಮೊದಲಿಂದಾನೂ ಇಲ್ಲ. ಕೈ ಅಳತಿ ಮ್ಯಾಲೇ ಮಾಡತಿದ್ಲು, ಒಂದಿನಾನೂ ಉಪ್ಪು ತಪ್ಪಿಲ್ಲ" ಎಂದರು. ಕೀಲಿ ಹಾಕಬೇಕಾಗಿದ್ದ ತಮ್ಮ ಇವರೇ.

"ಮತ್ತೆ ನಾಲಿಗೆ ಯಾಕೆ ಬೇಕಿತ್ತು ಅವರಿಗೆ?" ಎಂದೆ.

ಧಾರವಾಡದ ಅಕ್ಕ ನನ್ನನ್ನು ನೋಡಿದರು. "ನೀ ಇಲ್ಲಿ ಬಂದಾಗ ಹೊಟ್ಟಿತುಂಬ ಉಣ್ಣತಿದ್ದೇನು?"

ನನಗೆ ಓಣಿಯ ನಾಯಿ ನೆನಪಾಯಿತು. "ನಾನೂ ಉಣ್ಣತಿದ್ದಿಲ್ರಿ" ಎಂದಳು ರಾಯಚೂರಿನವಳು. ಒಂದು ದಿನವೂ ತಪ್ಪದ ಕೈ ಆ ಮೂರನೆಯ ದಿನ ಅವಲಕ್ಕಿಗೆ ಉಪ್ಪು ಮರೆತದ್ದು ಹೇಗೆ ಎಂದು ನನಗೆ ಅವತ್ತು ತಿಳಿಯಿತು. ತಪ್ಪು ಹುಡುಕುವುದೇ ಕಸುಬಾದ ನಾನು, ಅದನ್ನು ಇಷ್ಟು ವರ್ಷ ತಪ್ಪು ಎಂದು ನಂಬಿದ್ದೆ. ಮೋಸ ಹೋದೆನೆಂದು ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಂಥ ಹೆಂಗಸು ನನ್ನ ಒಂದು ತುತ್ತಿಗಾಗಿ ಅಷ್ಟು ಜನರ ಎದುರು ಸಪ್ಪೆ ಅವಲಕ್ಕಿ ಬಡಿಸಿ ತನ್ನ ಹೆಸರನ್ನೇ ಕಳೆದುಕೊಳ್ಳಲು ತಯಾರಿದ್ದರು ಎಂದು ಎದೆ ಉಬ್ಬಿತು. ಅಳುವೂ ಬಂತು.

ಮೇಲಿನ ಕೋಣೆಗಳಲ್ಲಿ ಆಗ ಇದ್ದ ಹುಡುಗಿಯರಲ್ಲಿ ಒಬ್ಬಳು ಕೊಪ್ಪಳದವಳು, ಬಂದು ಇನ್ನೂ ಇಪ್ಪತ್ತು ದಿನ. ಹಿಂದಿನ ದಿನ ಎಲೆಯಲ್ಲಿ ಬಡಿಸಿದ್ದನ್ನು ಹಾಗೇ ಮಡಿಸಿ ಎದ್ದಿದ್ದನ್ನು ನೋಡಿದ್ದೆ. ಈಗ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದಳು. ಸುಸಲಾ ಇಳಿಸಿದಾಗ ಮೊದಲ ತಟ್ಟೆಯನ್ನು ಯಾರಿಗೆ ಹಾಕುವುದೆಂದು ಯಾರೂ ಕೇಳಲಿಲ್ಲ. ನಾನೇ ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟು, ಎದುರಿಗೆ ಕೂತೆ.

"ಉಪ್ಪು ಸರಿ ಐತೇನು ನೋಡವ್ವಾ. ನನಗ ಗೊತ್ತಾಗವಲ್ದು" ಎಂದೆ. ನಂಜನಗೂಡಿನ ನನ್ನ ಬಾಯಲ್ಲಿ ಅದು ಹಾಗೇ ಬಂತು.

ಅವಳು ಸಂಕೋಚದಿಂದ ಒಂದು ತುತ್ತು ತಿಂದಳು. ಹುಬ್ಬು ಗಂಟಿಕ್ಕಿ ಇನ್ನೊಂದು ತಿಂದಳು. ಮೂರನೆಯದೂ ಆಯಿತು.

"ಒಂಚೂರು ಕಮ್ಮಿ ಅನಸತೈತ್ರಿ. ತಡೀರಿ, ಇನ್ನೊಮ್ಮೆ ನೋಡತೀನಿ" ಎಂದು ನಾಲ್ಕನೆಯ ತುತ್ತು ಬಾಯಿಗಿಟ್ಟಳು.