ಕುಂಕುಮ ಹಚ್ಚದ ಸ್ಪ್ಯಾನರ್

ಆಯುಧ ಪೂಜೆ ಹತ್ತಿರ ಬಂದರೆ ನನಗೆ ಸಿಟ್ಟು ಬರುತ್ತದೆ. ಇಂಥವರ ಮೇಲೆ ಅಂತಿಲ್ಲ. ಹೂವಿನ ದರ, ಬೂದುಗುಂಬಳದ ಗಾತ್ರ, ಪಕ್ಕದ ಮನೆಯ ಟಿವಿ, ಏನಾದರೂ ಸಾಕು. ‘ಬಂತಪ್ಪ ಹಬ್ಬದ ದೆವ್ವ’ ಎಂದು ನನ್ನ ಹೆಂಡತಿ ನಗುತ್ತಿದ್ದಳು. ಆ ದೆವ್ವಕ್ಕೆ ಅವಳಪ್ಪನದೇ ಮುಖ ಎಂದು ಹೇಳುವುದಕ್ಕೆ ನನಗೆ ಆರು ವರ್ಷ ಬಾಯಿ ಬರಲಿಲ್ಲ.

ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳುವ ಮೊದಲು ಗಾಳಿ ಅಳೆಯುವವರು ಬಂದರು. ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಕಂಬ ನೆಟ್ಟು, ಅದಕ್ಕೆ ತಿರುಗುವ ಬಟ್ಟಲು ಕಟ್ಟಿ, ತಿಂಗಳುಗಟ್ಟಲೆ ಕಾಯುವುದು ಅವರ ಕೆಲಸ. ಅಂಥದೊಂದು ತಂಡಕ್ಕೆ ನಾನು ಡ್ರೈವರ್, ನನ್ನ ಮಾವ ಅಡುಗೆಯವರು. ಮಾವ ಎಂದರೆ ಅವ್ವನ ತಮ್ಮ, ನನಗೆ ಹೆಣ್ಣು ಕೊಟ್ಟವರೂ ಅವರೇ. ನಮ್ಮಿಬ್ಬರ ಜತೆ ಒಬ್ಬ ಇಂಜಿನಿಯರ್. ಮೂವರಿಗೂ ಮನೆ ಒಂದೇ: ಸೀಟು ಕಿತ್ತು, ಮಂಚ, ಒಲೆ, ನೀರಿನ ಡ್ರಮ್ಮು ಕೂರಿಸಿದ್ದ ಹಳೇ ಡೀಸೆಲ್ ವ್ಯಾನು. ಒಂದು ವರ್ಷ ಹೊಸದುರ್ಗದ ಕಡೆ, ಒಂದು ಬೇಸಿಗೆ ಹಿರಿಯೂರಿನ ಧರ್ಮಪುರದಲ್ಲಿ, ಕೊನೆಗೆ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಾಚೆ ಒಂದು ಗುಡ್ಡದ ಬುಡದಲ್ಲಿ ಇದ್ದೆವು.

ಆ ವ್ಯಾನಿನಲ್ಲಿ ನಾನು ದಿನಾ ಬೆಳಿಗ್ಗೆ ತಪ್ಪದೆ ಮಾಡುತ್ತಿದ್ದ ಕೆಲಸ ಒಂದಿತ್ತು. ಡೀಸೆಲ್ ಜತೆ ಬಂದ ನೀರು ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ಹದಿನಾಲ್ಕರ ಸ್ಪ್ಯಾನರಿನಲ್ಲಿ ಕೆಳಗಿನ ಬೋಲ್ಟು ಸಡಿಲಿಸಿ ಅದನ್ನು ಹೊರಗೆ ಬಿಡಬೇಕು. ಬಿಡದಿದ್ದರೆ ಎಲ್ಲೋ ನಡುದಾರಿಯಲ್ಲಿ ಇಂಜಿನ್ ನಿಲ್ಲುತ್ತದೆ. ಆಗ ಮೇಲಿನ ಬೋಲ್ಟನ್ನೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಒಳಗೆ ಹಿಡಿದ ಏರ್ ತೆಗೆಯಬೇಕು. ನಾನು ಗಾಡಿ ಕೆಳಗೆ ಮಲಗಿದ್ದಾಗ ಮಾವ ಟೀ ಲೋಟ ಹಿಡಿದು ಬಗ್ಗಿ, “ಏನ್ಲೇ, ಇವತ್ತೂ ಭೇದಿ ಮಾಡಿಸ್ತಾ ಇದೀಯಾ?” ಎನ್ನುತ್ತಿದ್ದರು. ದಿನಾ ಅದೇ ಮಾತು, ದಿನಾ ಅವರೊಬ್ಬರೇ ನಗುತ್ತಿದ್ದುದು.

ಇಷ್ಟೆಲ್ಲ ನಿಗಾ ಇಟ್ಟವನು ಟ್ಯಾಂಕಿನ ಮುಚ್ಚಳ ಮಾತ್ರ ಹಾಕಿಸಲಿಲ್ಲ. ಅದು ಧರ್ಮಪುರದ ರಸ್ತೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ನಾಳೆ ತರುತ್ತೇನೆ, ನಾಡಿದ್ದು ತರುತ್ತೇನೆ ಎನ್ನುತ್ತಾ ಹಳೇ ಬನಿಯನ್ನು ತುರುಕಿ ದಿನ ದೂಡಿದೆ. ನಮ್ಮ ಕಡೆ ಅರ್ಧ ಗಾಡಿಗಳು ಓಡುವುದೇ ಹಾಗೆ.

ಆ ವರ್ಷ ಇಂಜಿನಿಯರ್ ದಸರಾಕ್ಕೆ ಊರಿಗೆ ಹೋದರು. ಕಂಬ ಕಾಯಲು ನಾವಿಬ್ಬರೇ ಉಳಿದೆವು. ಹಬ್ಬದ ಹಿಂದಿನ ದಿನ ಒಂದು ತೋಟದ ಪಂಪ್‌ಸೆಟ್ಟಿನ ಪೈಪು ಹಿಡಿದು ವ್ಯಾನು ತೊಳೆದೆ. ನೀರಿನ ರಭಸಕ್ಕೆ ಬನಿಯನ್ನು ತೊಪ್ಪೆಯಾಯಿತು. ಅದನ್ನು ಕಿತ್ತು ಚೆನ್ನಾಗಿ ಹಿಂಡಿ ಮತ್ತೆ ಅಲ್ಲಿಗೇ ತುರುಕಿದೆ.

ಮಾರನೆ ಬೆಳಿಗ್ಗೆ ಏಳುವಷ್ಟರಲ್ಲಿ ಮಾವ ಸ್ನಾನ ಮಾಡಿ, ಹೊಂಗೆಮರದ ಕೆಳಗೆ ಹಲಗೆ ಹಾಸಿ, ನನ್ನ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು. ಪಕ್ಕದಲ್ಲಿ ಅವರ ಈಳಿಗೆಮಣೆ, ಸೌಟು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಾನು ಹದಿನಾಲ್ಕರದಕ್ಕೆ ಕೈ ಹಾಕಿದೆ.

“ಲೇ, ಕೈ ತಗಿ! ಪೂಜೆಗೆ ಇಟ್ಟದ್ದು. ನಾಳೆ ತನಕ ಮುಟ್ಟಂಗಿಲ್ಲ.”

“ಟ್ಯಾಂಕಿಗೆ ನೀರು ಹೋಗೈತೆ ಮಾವ. ಒಂದ್ಸಲ ಬಿಟ್ಟು ಇಟ್ಬಿಡ್ತೀನಿ.”

“ಇವತ್ತು ಎಲ್ಲಿಗೆ ಹೋಗ್ಬೇಕಾಗೈತೆ? ಗಾಡಿಗೂ ಒಂದಿನ ರಜ ಕೊಡು.”

ಜಗಳ ಮಾಡಬಹುದಿತ್ತು. ಬೇರೆ ದಿನಗಳಲ್ಲಿ ಉಪ್ಪು ಹೆಚ್ಚಾಯಿತು ಎಂದು ಜಗಳ ಮಾಡಿದವನು ನಾನು. ಅವತ್ತು ಸುಮ್ಮನಾದೆ. ಮಾವನ ಭಕ್ತಿಗೆ ಬೆಲೆ ಕೊಟ್ಟು ಅಲ್ಲ, ಹಬ್ಬದ ದಿನ ಗಾಡಿ ಕೆಳಗೆ ತೂರುವುದು ತಪ್ಪಿತಲ್ಲ ಎಂಬ ಖುಷಿಗೆ. ಪೂಜೆ ಆಯಿತು. ನಿಂಬೆಹಣ್ಣಿನ ಮೇಲೆ ನಾಲ್ಕು ಮಾರು ಗಾಡಿ ಓಡಿಸಿದೆ. ಏನೂ ತೊಂದರೆ ಕೊಡಲಿಲ್ಲ.

ಹೋಳಿಗೆ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದ ಮಾವ ಹಾಗೇ ಕೂತುಬಿಟ್ಟರು. “ಎದೆ ಹಿಡ್ಕಂಡೈತೆ ಕಣ್ಲೇ” ಎಂದರು. ಹಣೆ ತುಂಬ ಬೆವರು. ಎತ್ತಿ ವ್ಯಾನಿನೊಳಗಿನ ಮಂಚದ ಮೇಲೆ ಮಲಗಿಸಿ ಹೊಳಲ್ಕೆರೆ ಆಸ್ಪತ್ರೆಯ ಕಡೆ ಹೊರಟೆ. ಎರಡು ಮೈಲಿ ಹೋಗಿರಬೇಕು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಸೀಟಿನ ಕೆಳಗಿನ ಪೆಟ್ಟಿಗೆ ತೆರೆದರೆ ಖಾಲಿ. ಸ್ಪ್ಯಾನರುಗಳೆಲ್ಲ ಹೊಂಗೆಮರದ ಕೆಳಗೆ ಹೂವು ಮುಡಿದು ಕೂತಿದ್ದವು. ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿದೆ, ಕಲ್ಲಲ್ಲಿ ಕುಟ್ಟಿದೆ, ಗೋಳೋ ಎಂದು ಅತ್ತೆ. ಹಬ್ಬದ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. “ಓಡಿಹೋಗಿ ತಗಂಬಾರೋ” ಎಂದರು ಮಾವ. “ನಾನೇನ್ ಎದ್ದು ಹೋಗ್ತೀನಾ?”

ಓಡಿದೆ. ಹಲಗೆಯ ಮುಂದೆ ನಿಂತವನು ಸ್ಪ್ಯಾನರ್ ಎತ್ತುವ ಮೊದಲು ಎರಡೂ ಕೈ ಮುಗಿದೆ. ಅಭ್ಯಾಸಬಲ. ಆ ಅರೆಗಳಿಗೆಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ವಾಪಸ್ ಬಂದು ಒಳಗೆ ನೋಡದೆ ಸೀದಾ ಗಾಡಿ ಕೆಳಗೆ ತೂರಿದೆ. ಫಿಲ್ಟರಿನಿಂದ ಒಂದು ಲೋಟ ನೀರು ಬಂತು. ಮೇಲಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತತೊಡಗಿದೆ. ಟಸಕ್, ಟಸಕ್. ಪ್ರತಿ ಒತ್ತಿಗೂ ಮಾತಾಡುತ್ತಿದ್ದೆ: “ಆಯ್ತು ಮಾವ. ನೊರೆ ಬರ್ತಾ ಐತೆ. ಇನ್ನೊಂದು ನಿಮಿಷ.” ಅವರು ಉತ್ತರ ಕೊಡಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡೆ. ನೊರೆ ನಿಂತು ಡೀಸೆಲ್ ಬಂತು, ಬೋಲ್ಟು ಬಿಗಿದೆ, ಕೀ ತಿರುಗಿಸಿದ ತಕ್ಷಣ ಇಂಜಿನ್ ಹಿಡಿಯಿತು. “ಬಂತು ಮಾವ!” ಎಂದು ಕೂಗಿ ಹಿಂದಕ್ಕೆ ತಿರುಗಿದೆ. ಮಾವನ ಕಣ್ಣು ತೆರೆದೇ ಇತ್ತು. ರೆಪ್ಪೆ ಆಡುತ್ತಿರಲಿಲ್ಲ.

ಆದರೂ ಹೊಳಲ್ಕೆರೆ ತನಕ ಓಡಿಸಿದೆ. ಗಾಡಿ ಮತ್ತೆಲ್ಲೂ ನಿಲ್ಲಲಿಲ್ಲ.

‘ಗಾಡಿ ಕೈಕೊಡ್ತು’ ಎಂದು ಮನೆಯಲ್ಲಿ ಹೇಳಿದೆ. ಎಲ್ಲರೂ ಗಾಡಿಗೆ ಹಿಡಿಶಾಪ ಹಾಕಿದರು, ನಾನೂ ಹಾಕಿದೆ. ಬನಿಯನ್ನಿನ ಮಾತಾಗಲಿ ಹಲಗೆಯ ಮಾತಾಗಲಿ ಎತ್ತಲಿಲ್ಲ. ಆ ಕೆಲಸ ಬಿಟ್ಟು ಚಿತ್ರದುರ್ಗದಲ್ಲಿ ಬಾಡಿಗೆಗೆ ಟೆಂಪೊ ಓಡಿಸತೊಡಗಿದೆ. ಮನೆಯಲ್ಲಿ ಮಗಳು ಸೀಮೆಎಣ್ಣೆ ಸ್ಟವ್ವಿಗೆ ಪಂಪು ಹೊಡೆದರೂ ಎದ್ದು ಹೊರಗೆ ಹೋಗುತ್ತಿದ್ದೆ. ಯಾಕೆಂದು ಯಾರೂ ಕೇಳಲಿಲ್ಲ. ಪ್ರತಿ ಆಯುಧ ಪೂಜೆಗೆ ಹೆಂಡತಿ ಅಪ್ಪನ ಫೋಟೊದ ಮುಂದೆ ಹಲಗೆ ಹಾಕಿ ಸ್ಪ್ಯಾನರು ಕೇಳುತ್ತಿದ್ದಳು. ಹದಿನಾಲ್ಕರದು ಬಿಟ್ಟು ಉಳಿದದ್ದೆಲ್ಲ ಕೊಡುತ್ತಿದ್ದೆ. ಅದು ಕಳೆದುಹೋಗಿದೆ ಎಂದಿದ್ದೆ.

ಆರನೇ ವರ್ಷ ಟೆಂಪೊ ಒರೆಸುತ್ತಿದ್ದವಳು ಸೀಟಿನ ಸಂದಿಯಿಂದ ಅದನ್ನು ಎಳೆದು ತಂದಳು. “ಕಳೆದೈತೆ ಅಂದಿದ್ರಲ್ಲ?”

ಸಿಟ್ಟು ಮಾಡಿ ತಪ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಮುಚ್ಚಳದಿಂದ ಹಿಡಿದು ಕೈ ಮುಗಿದ ಅರೆಗಳಿಗೆಯ ತನಕ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಸೆರಗಿನಲ್ಲಿ ಸ್ಪ್ಯಾನರಿನ ಗ್ರೀಸು ಒರೆಸುತ್ತಲೇ ಇದ್ದಳು. ಒಳಗೆ ಹಲಗೆಯ ಮೇಲೆ ಉಳಿದವಕ್ಕೆಲ್ಲ ಕುಂಕುಮ ಇಟ್ಟಾಗಿತ್ತು.

“ಪೂಜೆಗೆ ಇಡದಿದ್ರೆ ಅಪ್ಪ ಬೈತಿದ್ರು” ಎಂದಳು.

“ಹೂಂ.”

“ಬೈಲಿ” ಎಂದು ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.