ಆರನೇ ಹಾಡಿಗೆ ಹತ್ತು ಸೆಕೆಂಡ್ ಜಾಸ್ತಿ

ಬೆಳಗಿನ ಐದೂವರೆ. ಜಯಪುರದ ಬಸ್ ಸ್ಟ್ಯಾಂಡ್ ಎದುರಿನ ಟೈಲರ್ ಅಂಗಡಿಯ ಶಟರ್ ಒಳಗಿಂದ ಮುಚ್ಚಿದೆ. ಸದ್ದು ಗೋಡೆಗೆ ಬಡಿದು ಮರಳದಂತೆ ಬಟ್ಟೆ ರಾಶಿಗಳನ್ನು ಸುತ್ತ ಒತ್ತರಿಸಿ ಮಾಲತಿ ಸ್ಟುಡಿಯೋ ಮಾಡಿಕೊಂಡಿದ್ದಾರೆ. ಮೈಕಿನ ಮುಂದೆ ನಯನ, ಕಾಫಿ ತೋಟದ ಕೆಲಸಕ್ಕೆ ಹೊರಟವರು. ಆರೂವರೆಗೆ ತೋಟದ ಜೀಪು ಬರುತ್ತದೆ. ಅಷ್ಟರೊಳಗೆ ಒಂದು ಸಾಲು ಹಾಡಿ ಮುಗಿಸಬೇಕು.

ಒಂದೇ ಸಾಲು! ಆದರೆ ಮಾಲತಿಯವರ ಆಲ್ಬಂ ನಾಳೆ ಬೆಳಗ್ಗೆ ಏಳರ ಬಸ್ಸಿನಲ್ಲಿ ಬಿಡುಗಡೆಯಾಗಲಿದೆ. ಏಳು ಹಾಡು, ಒಂದು ಪ್ರೇಮಕಥೆ. ಕೊಪ್ಪಕ್ಕೆ ಹೋಗುವ ಹುಡುಗಿ, ಅದೇ ಬಸ್ಸಿನ ಹುಡುಗ. ಬಸ್ಸು ಸ್ಟಾಪಿನಿಂದ ಸ್ಟಾಪಿಗೆ ಹೋಗುವಷ್ಟು ಹೊತ್ತಿಗೆ ಸರಿಯಾಗಿ ಒಂದೊಂದು ಹಾಡು. ಆರನೇ ಸ್ಟಾಪಿನಲ್ಲಿ ಅವನು ಇಳಿಯುತ್ತಾನೆ. ಅಷ್ಟರಲ್ಲಿ ಅವಳು ಮನಸ್ಸಿನ ಮಾತು ಹೇಳಬೇಕು.

ನಲವತ್ತೊಂದರ ಮಾಲತಿ ದಿನಕ್ಕೆ ಆರು ರವಿಕೆ ಹೊಲಿಯುತ್ತಾರೆ. ಎರಡು ವರ್ಷದಿಂದ ಅಳತೆ ಚೀಟಿಗಳ ಹಿಂದೆ ಹಾಡು ಬರೆಯುತ್ತಿದ್ದಾರೆ. ಲ್ಯಾಪ್‌ಟಾಪ್ ಯಾರೋ ಬಳಸಿ ಬಿಟ್ಟದ್ದು. ಡ್ರಮ್ ಇಲ್ಲ, ಹೊಲಿಗೆ ಯಂತ್ರ ತುಳಿದೇ ತಾಳ. ಮೂರನೇ ಹಾಡಿನಲ್ಲಿ ಅದು ಎದೆಬಡಿತವಾಗುತ್ತದೆ, ಕೇಳುವವರದ್ದೂ ಜೋರಾಗುತ್ತದೆ.

ನಿನ್ನೆ ಅದೇ ಬಸ್ಸಿನಲ್ಲಿ ಪರೀಕ್ಷೆಗೆಂದು ಹಾಕಿ ನೋಡಿದಾಗ ಎಡವಟ್ಟಾಯಿತು. ಟೈಲರ್ ಮಾತ್ರ ಮಾಡಬಹುದಾದ ತಪ್ಪು. ರವಿಕೆಗೆ ಒಳಗೆ ಬಟ್ಟೆ ಬಿಡುವಂತೆ, ಇರಲಿ ಎಂದು ಪ್ರತಿ ಹಾಡಿಗೂ ಹತ್ತು ಸೆಕೆಂಡ್ ಹೆಚ್ಚು ಬಿಟ್ಟಿದ್ದರು. ಆರು ಹಾಡಿಗೆ ಒಂದು ನಿಮಿಷ! ಹುಡುಗಿ ಬಾಯಿ ತೆರೆಯುವ ಮೊದಲೇ ಸ್ಟಾಪ್ ದಾಟಿತ್ತು.

“ಎಂತ ಮಾಲತಕ್ಕ, ನಿಮ್ಮ ಹುಡ್ಗ ಆಗ್ಲೇ ಇಳ್ದು ಮನೆಗೆ ಹೋದ. ಇವ್ಳು ಯಾರಿಗೆ ಹೇಳ್ತಾ ಇದಾಳೆ, ನಂಗಾ?” ಎಂದರಂತೆ ಡ್ರೈವರ್ ಪುಟ್ಟಪ್ಪ. ಬಸ್ಸಿಗೆ ಬಸ್ಸೇ ನಕ್ಕಿತಂತೆ.

ಮೊದಲ ಐದು ಹಾಡುಗಳ ಹೆಚ್ಚುವರಿ ಸಂಗೀತವನ್ನು ಸಂಜೆಯೇ ಕತ್ತರಿಸಿದ್ದಾರೆ. ಆರನೆಯದರಲ್ಲಿ ಮಾತ್ರ ಆ ಹತ್ತು ಸೆಕೆಂಡ್ ನಯನ ಎಳೆದು ಹಾಡಿದ ಕೊನೆಯ ಸಾಲಿನೊಳಗೇ ಇದೆ. ಕತ್ತರಿ ಹಾಕಿದರೆ ಉಸಿರೇ ತುಂಡಾಗುತ್ತದೆ. ಮತ್ತೆ ಹಾಡಬೇಕು.

ನಾಲ್ಕು ಸಲ ಹಾಡಿಯಾಯಿತು. ಒಮ್ಮೆ ಉದ್ದ, ಒಮ್ಮೆ ಬರೀ ಅವಸರ. ಆರೂ ಇಪ್ಪತ್ತು. ಮಾಲತಿ ಹೆಡ್‌ಫೋನ್ ತೆಗೆದು ಹತ್ತಿರ ಹೋಗುತ್ತಾರೆ.

“ಓಡ್ಬೇಡ ಮಾರಾಯ್ತಿ. ಅವ ಎದ್ದು ಬಾಗ್ಲ ಹತ್ರ ನಿಂತಿದಾನೆ. ಅವನ ಬೆನ್ನಿಗೆ ಹೇಳು, ಸಾಕು.”

ನಯನ ಕಣ್ಣು ಮುಚ್ಚುತ್ತಾರೆ. ಈ ಸಲ ಸ್ವರ ಎಳೆಯುವುದಿಲ್ಲ. ಹೆಚ್ಚುಕಡಿಮೆ ಮಾತಿನಂತೆಯೇ ಹಾಡಿಬಿಡುತ್ತಾರೆ. ಕೊನೆಯ ಅಕ್ಷರ ಮುಗಿದದ್ದೇ ಹೊರಗೆ ಜೀಪಿನ ಹಾರ್ನ್. ಮಾಲತಿ ಪರದೆಯ ಮೇಲಿನ ಸಮಯ ನೋಡುತ್ತಾರೆ, ಮತ್ತೊಮ್ಮೆ ನೋಡುತ್ತಾರೆ. ಹಾಡು ಸರಿಯಾಗಿ ಸ್ಟಾಪಿಗೆ ಬಂದು ನಿಂತಿದೆ.

ಊಟದ ಬುತ್ತಿ ಎತ್ತಿಕೊಂಡು ನಯನ ಓಡಿದ ಮೇಲೆ, ನಾಳೆ ಏನಾಗಬೇಕು ಎಂದು, ಇದನ್ನೆಲ್ಲ ವರದಿ ಮಾಡಲು ಬಂದ ನಾನು ಕೇಳುತ್ತೇನೆ.

“ಆ ಸ್ಟಾಪಲ್ಲಿ ಇಳಿಯೋರು ಯಾರಾದ್ರೂ ಒಬ್ರು ಇಳಿಯೋದು ಮರ್ತು ಕೂತ್ರೆ ಸಾಕು,” ಎನ್ನುತ್ತಾರೆ ಮಾಲತಿ. “ವಾಪಸ್ ಹೋಗೋ ಬಸ್ಸಿಗೆ ನಾನೇ ಟಿಕೆಟ್ ತೆಗೆಸ್ತೀನಿ.”